ಹೊಟ್ಟಿಗಿ ಬ್ಯಾಂಡ್ ಹಾಕಿಸಿದ ಮ್ಯಾಲ ಮೊದಲ ಆರು ವಾರ: ಕುಡಿಯೋದು, ತಿನ್ನೋದು, ತೂಕದ ಆಸೆ

ತೊಗರಿ ಕಣಜ (ಕಲಬುರಗಿ, ಸರ್ಜರಿ ವಾರ್ಡ್ ನರ್ಸ್)

ತೂಕ ಇಳಿಸಲಿಕ್ಕ ಗ್ಯಾಸ್ಟ್ರಿಕ್ ಬ್ಯಾಂಡ್ ಹಾಕಿಸಿಕೊಂಡವರು ನಮ್ಮ ಕಡಿ ಕಡಿಮಿ. ಆಪರೇಷನ್ನಿಗಿ ಹೈದರಾಬಾದ್, ಸೋಲಾಪುರ ಇಲ್ಲಾ ಬೆಂಗಳೂರಿಗಿ ಹೋಗ್ತಾರ, ಒಂದೆರಡು ದಿನಕ್ಕ ಡಿಸ್ಚಾರ್ಜ್ ಆಗಿ ಬರ್ತಾರ. ಊರಿಗಿ ಬಂದ ಮ್ಯಾಲ ಏನರೆ ಕೇಳಬೇಕಂದ್ರ ಬ್ಯಾಂಡ್ ಗೊತ್ತಿದ್ದವರು ಸಿಗಲ್ಲ. ಸಿಕ್ಕವರು ಸ್ಲೀವ್ ಆಪರೇಷನ್ನಿನ ಚಾರ್ಟ್ ವಾಟ್ಸಾಪಿನಾಗ ಕಳಸ್ತಾರ. ಅವೆರಡೂ ಬ್ಯಾರೆ ಬ್ಯಾರೆ. ಸ್ಲೀವಿನಾಗ ಹೊಟ್ಟಿಯ ದೊಡ್ಡ ಭಾಗ ಕೊಯ್ದು ತಗೀತಾರ. ಬ್ಯಾಂಡಿನಾಗ ಏನೂ ಕೊಯ್ಯಲ್ಲ. ಅನ್ನನಾಳ ಹೊಟ್ಟಿಗಿ ಕೂಡೋ ಜಾಗದ ಸ್ವಲ್ಪ ಕೆಳಗ ಸಿಲಿಕೋನಿನ ಪಟ್ಟಿ ಸುತ್ತತಾರ. ಪಟ್ಟಿ ಮ್ಯಾಲ 15ರಿಂದ 30 ಮಿಲಿ ಹಿಡಿಯೋ ಸಣ್ಣ ಚೀಲ ಉಳೀತದ. ಪಟ್ಟಿಯ ಒಳಮೈ ಬಲೂನಿನಂಗ, ಅದರಿಂದ ಒಂದು ನಳಿಗಿ ಬಂದು ಹೊಟ್ಟಿಯ ಚರ್ಮದ ಕೆಳಗಿರೋ ಪೋರ್ಟಿಗಿ ಕೂಡ್ತದ. ಪೋರ್ಟಿನಾಗ ಸಲೈನ್ ಹಾಕಿದ್ರ ಪಟ್ಟಿ ಬಿಗಿ, ತಗದ್ರ ಸಡಿಲ.

ಈಗ ಮುಖ್ಯ ಮಾತು. ಮೊದಲ ಆರು ವಾರ ತೂಕ ಇಳಿಸೋ ಕಾಲ ಅಲ್ಲ, ಬ್ಯಾಂಡ್ ಕೂಡೋ ಕಾಲ. ಹೊಟ್ಟಿಯ ಗೋಡಿಯನ್ನ ಪಟ್ಟಿ ಮ್ಯಾಲ ಮಡಚಿ ಎರಡು-ಮೂರು ಹೊಲಿಗಿ ಹಾಕಿರ್ತಾರ, ಪಟ್ಟಿ ಸುತ್ತ ದೇಹ ತನ್ನದೇ ಒಂದು ಪೊರೆ ಕಟ್ಟಬೇಕು. ಅದಕ್ಕ ವಾರಗಟ್ಟಲೆ ಬೇಕು. ಅಷ್ಟ್ರಾಗ ಜೋರು ವಾಂತಿ ಆದ್ರ ಕೆಳಗಿನ ಹೊಟ್ಟಿ ಪಟ್ಟಿಯೊಳಗಿಂದ ಮ್ಯಾಲ ನುಗ್ತದ, ಹೊಲಿಗಿ ಜಗ್ತದ. ಇದಕ್ಕೇ ಬ್ಯಾಂಡ್ ಸ್ಲಿಪ್ ಆಯ್ತು ಅಂತಾರ. ಗಟ್ಟಿ ಊಟ ಜಲ್ದಿ ಬ್ಯಾಡ ಅನ್ನೋದು ಇದರ ಸಲುವಾಗಿ, ಉಪವಾಸ ಕೆಡವಲಿಕ್ಕ ಅಲ್ಲ.

ಭೀಮಾ ದಂಡಿ (ಯಾದಗಿರಿ)

ಅಕ್ಕೋರೆ, ಆಪರೇಷನ್ ಹೊಟ್ಟಿಗಿ, ಬ್ಯಾನಿ ಎಡ ಭುಜಕ್ಕ ಅಂತ ಭಾಳ ಮಂದಿ ಹೇಳ್ತಾರ. ಯಾಕ ಹಂಗ? ನಡೀಬೇಕಾ, ಮಲಗಬೇಕಾ?

ಶಹಾಬಾದ್ ಕಲ್ಲು (ಫಿಜಿಯೋಥೆರಪಿ)

ನಡೀಬೇಕು. ದುರ್ಬೀನಿನ ಆಪರೇಷನ್ನಿನಾಗ ಹೊಟ್ಟಿಯೊಳಗ ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡ್ಕೊತಾರ. ಉಳಿದ ಗ್ಯಾಸು ವಪೆಯನ್ನ (ಎದಿಗೂ ಹೊಟ್ಟಿಗೂ ನಡುವಿನ ಸ್ನಾಯುವಿನ ಪರದಿ) ಕೆಣಕ್ತದ. ವಪೆಗೂ ಭುಜದ ಚರ್ಮಕ್ಕೂ ನರದ ಬೇರು ಒಂದೇ, ಅದಕ್ಕ ಮಿದುಳು ಬ್ಯಾನಿ ಭುಜದಾಗ ಅದ ಅಂತ ತಿಳೀತದ. ಎರಡರಿಂದ ಐದು ದಿನದಾಗ ಇಳೀತದ. ನಡದ್ರ ಜಲ್ದಿ ಇಳೀತದ. ದಿನೇ ದಿನೇ ಹೆಚ್ಚಾಗ್ಲತದ, ಜೊತಿಗಿ ಜ್ವರ ಇಲ್ಲಾ ಎದಿ ಬಡಿತ ಜೋರು ಅದ ಅಂದ್ರ ಅದು ಗ್ಯಾಸ್ ಅಲ್ಲ, ದವಾಖಾನಿಗಿ ಹೋಗ್ರಿ.

ಆಪರೇಷನ್ ಆದ ದಿನ ಸಂಜಿಗೇ ಎದ್ದು ನಾಲ್ಕು ಹೆಜ್ಜಿ ಇಡಿಸ್ತಾರ. ಮನಿಗಿ ಬಂದ ಮ್ಯಾಲ ಎಚ್ಚರ ಇರೋ ತನಕ ಗಂಟೆಗೊಮ್ಮೆ ಐದು ನಿಮಿಷ ಅಂಗಳದಾಗ ಓಡಾಡ್ರಿ. ಕೂತಲ್ಲೇ ಪಾದ ಮ್ಯಾಲ ಕೆಳಗ ಮಾಡಿ ಮೀನಖಂಡ ಹಿಂಡ್ರಿ, ಯಾಕಂದ್ರ ದಪ್ಪ ಮೈಯವರಿಗಿ ಆಪರೇಷನ್ ಆದ ಮ್ಯಾಲ ಕಾಲಿನ ರಕ್ತನಾಳದಾಗ ಹೆಪ್ಪು ಕಟ್ಟೋ ಅಪಾಯ ಹೆಚ್ಚು, ಅದು ಹರಿದು ಶ್ವಾಸಕೋಶಕ್ಕ ಹೋದ್ರ ಜೀವಕ್ಕ ಕುತ್ತು. ಮೂರು ಗುಂಡಿನ ಊದೋ ಸಾಮಾನು ಕೊಟ್ಟಿರ್ತಾರಲ್ಲ, ಅದು ಊದಲಿಕ್ಕ ಅಲ್ಲ, ಉಸಿರು ಒಳಗ ಎಳೀಲಿಕ್ಕ. ಗಂಟೆಗಿ ಹತ್ತು ಸಲ, ಸಾವಕಾಶ. ಭಾಳ ಮಂದಿ ಇದನ್ನ ಉಲ್ಟಾ ಮಾಡ್ತಾರ.

ಏಳಬೇಕಾದ್ರ ಸೀದಾ ಏಳಬ್ಯಾಡ್ರಿ. ಮಗ್ಗಲಿಗಿ ಹೊಳ್ಳಿ, ಕೈ ಊರಿ, ಕಾಲು ಕೆಳಗ ಬಿಟ್ಟು ಏಳ್ರಿ. ನಾಲ್ಕರಿಂದ ಆರು ವಾರ 5 ಕಿಲೋಗಿಂತ ಹೆಚ್ಚು ಎತ್ತಬ್ಯಾಡ್ರಿ. ತುಂಬಿದ ಕೊಡ ಒಂದಕ್ಕೇ 10 ಕಿಲೋ ದಾಟ್ತದ, ಅದನ್ನ ಮನಿಯಾಗ ಬ್ಯಾರೆಯವರು ಹೊರಬೇಕು. ಪೋರ್ಟನ್ನ ಹೊಟ್ಟಿಯ ಸ್ನಾಯು ಮ್ಯಾಲಿನ ಪೊರೆಗಿ ಹೊಲದಿರ್ತಾರ. ಆ ಹೊಲಿಗಿ ಹರದ್ರ ಪೋರ್ಟ್ ಮಗುಚಿ ಬೀಳ್ತದ, ಆಮ್ಯಾಲ ಸೂಜಿ ಹಾಕಲಿಕ್ಕ ಜಾಗ ಸಿಗಲ್ಲ, ಇನ್ನೊಂದು ಸಣ್ಣ ಆಪರೇಷನ್ ಬೇಕಾಗ್ತದ. ನಾಲ್ಕೈದು ಗಾಯದಾಗ ಪೋರ್ಟಿನ ಗಾಯವೇ ಹೆಚ್ಚು ನೋಯೋದು ಸಹಜ.

ಬಿದರಿ ಕುಸುರಿ (ಬೀದರ, ಆಹಾರ ತಜ್ಞೆ)

ಊಟದ ಹಂತಗಳನ್ನು ಬರೆಯುತ್ತೇನೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ನಾಲ್ಕೈದು ದಿನ ಹಿಂದೆಮುಂದೆ ಇರುತ್ತದೆ. ನಿಮ್ಮ ಸರ್ಜನ್ ಕೊಟ್ಟ ಹಾಳೆಯಲ್ಲಿ ಬೇರೆ ಇದ್ದರೆ ಅದನ್ನೇ ಪಾಲಿಸಿ.

ಮೊದಲ ಒಂದೆರಡು ದಿನ ತಿಳಿ ದ್ರವ ಮಾತ್ರ: ನೀರು, ಸೋಸಿದ ತಿಳಿ ಸಾರು, ಎಳನೀರು. ಒಂದು ಸಲಕ್ಕೆ 15 ಮಿಲಿ, ಅಂದರೆ ಸಿರಪ್ ಬಾಟಲಿಯ ಮೇಲೆ ಬರುವ ಪ್ಲಾಸ್ಟಿಕ್ ಅಳತೆ ಮುಚ್ಚಳದ ಲೆಕ್ಕ. ಆಮೇಲೆ ಎರಡನೇ ವಾರದ ಕೊನೆಯವರೆಗೆ ಗಟ್ಟಿ ಚೂರಿಲ್ಲದ ಎಲ್ಲ ದ್ರವ: ಕೆನೆ ತೆಗೆದ ಹಾಲು, ಮಜ್ಜಿಗೆ, ಸೋಸಿದ ಅಂಬಲಿ, ರುಬ್ಬಿ ಸೋಸಿದ ಬೇಳೆ. ಈಗ ಸಲಕ್ಕೆ 30 ಮಿಲಿ, ಕಾಲು ಗಂಟೆಗೊಮ್ಮೆ. ಗಂಟೆಗೆ 120 ಮಿಲಿ ಆಯಿತು, ಹದಿನೈದು ಗಂಟೆ ಎಚ್ಚರವಿದ್ದರೆ 1.8 ಲೀಟರ್. ನಮ್ಮ ಭಾಗದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವಾಗ ಇದಕ್ಕಿಂತ ಕಡಿಮೆ ಕುಡಿದರೆ ತಲೆಸುತ್ತು ಖಂಡಿತ. ಮೂತ್ರ ಸರಿಯಾಗಿ ಕುದಿಸಿದ ಚಹಾದ ಬಣ್ಣಕ್ಕೆ ತಿರುಗಿದರೆ ನೀರು ಸಾಲುತ್ತಿಲ್ಲ ಎಂದೇ ತಿಳಿಯಿರಿ. ಒಮ್ಮೆಲೇ ಗಟಗಟ ಕುಡಿದು ಲೆಕ್ಕ ತುಂಬಿಸಲು ಆಗುವುದಿಲ್ಲ, ತಿರುಗಿ ಬರುತ್ತದೆ. ಸ್ಟ್ರಾ ಬೇಡ, ಗಾಳಿ ಹೋಗುತ್ತದೆ. ಸೋಡಾ ಯಾವತ್ತೂ ಬೇಡ.

ಮೂರು ಮತ್ತು ನಾಲ್ಕನೇ ವಾರ ಮೆತ್ತಗೆ ರುಬ್ಬಿದ್ದು: ಮೊಸರಿನಷ್ಟು ಗಟ್ಟಿ, ಚಮಚದಿಂದ ತಾನಾಗಿ ಜಾರಬೇಕು. ಊಟಕ್ಕೆ ನಾಲ್ಕರಿಂದ ಆರು ದೊಡ್ಡ ಚಮಚ. ಐದು ಮತ್ತು ಆರನೇ ವಾರ ಫೋರ್ಕಿನಿಂದ ಒತ್ತಿದರೆ ಮಸೆಯುವಂಥದ್ದು: ಬೇಯಿಸಿದ ಮೊಟ್ಟೆ, ಪುಡಿ ಮಾಡಿದ ಪನೀರ್, ಮೀನು, ಕುಂಬಳ. ಆರು ವಾರ ದಾಟಿದ ಮೇಲೆ ಮಾಮೂಲಿ ಊಟ, ಒಂದೊಂದೇ ಹೊಸ ಪದಾರ್ಥ, ಅದೂ ಮನೆಯಲ್ಲಿ ಇರುವ ದಿನ.

ಹುಣಸಿ ನೆರಳು (ಕಲಬುರಗಿ)

ಬ್ಯಾಳಿ ಕಟ್ಟು ಕುಡದ್ರ ಪ್ರೋಟೀನ್ ಸಿಗ್ತದ ಅಂತಾರ. ತೊಗರಿ ನಾಡಿನಾಗ ಕಟ್ಟಿಗೇನು ಕಮ್ಮಿ! ಅದು ಸಾಕಾಗ್ತದೇನ್ರಿ?

ಬಿದರಿ ಕುಸುರಿ

ಸಾಕಾಗುವುದಿಲ್ಲ, ಇಲ್ಲೇ ಹೆಚ್ಚು ಜನ ಮೋಸ ಹೋಗುವುದು. ಕಟ್ಟು ಅಂದರೆ ಬೇಳೆ ಬೇಯಿಸಿ ಬಸಿದ ನೀರು. ಪ್ರೋಟೀನ್ ಹೆಚ್ಚಿನಂಶ ಬೇಳೆಯಲ್ಲೇ ಉಳಿಯುತ್ತದೆ. ಆ ಬೇಳೆ ಮನೆಯವರ ಹೋಳಿಗೆಗೆ ಹೋಗುತ್ತದೆ, ರೋಗಿಗೆ ನೀರು ಬರುತ್ತದೆ. ಬೇಳೆಯನ್ನೇ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ನೀರು ಹಾಕಿ ತೆಳ್ಳಗೆ ಮಾಡಿ, ಜರಡಿಯಲ್ಲಿ ಸೋಸಿ ಕೊಡಿ. 30 ಗ್ರಾಂ ಒಣ ತೊಗರಿ ಬೇಳೆಯಲ್ಲಿ ಆರು ಗ್ರಾಂ ಮೇಲೆ ಪ್ರೋಟೀನ್ ಇದೆ.

ದಿನಕ್ಕೆ 60ರಿಂದ 80 ಗ್ರಾಂ ಬೇಕು. ದ್ರವದ ಹಂತದಲ್ಲಿ ಅದನ್ನು ಹೀಗೆ ಕೂಡಿಸಬಹುದು: 200 ಮಿಲಿ ಹಾಲಿಗೆ 30 ಗ್ರಾಂ ಕೆನೆರಹಿತ ಹಾಲಿನ ಪುಡಿ ಕದಡಿದರೆ ಸುಮಾರು 17 ಗ್ರಾಂ, ದಿನಕ್ಕೆ ಎರಡು ಸಲ ಅಂದರೆ 34. ವೇ ಪ್ರೋಟೀನ್ ಒಂದು ಅಳತೆ ಚಮಚ 20ರಿಂದ 24. ರುಬ್ಬಿದ ಬೇಳೆ 6, 100 ಗ್ರಾಂ ಮೊಸರಿನ ಮಜ್ಜಿಗೆ 3. ಕೂಡಿದರೆ 63ರ ಮೇಲಾಯಿತು. ಇದನ್ನೆಲ್ಲ ಮೂರು ಊಟಕ್ಕೆ ಹಂಚದೆ ಇಡೀ ದಿನ ಗುಟುಕು ಗುಟುಕಾಗಿ ಹಂಚಬೇಕು, ಇದೂ 1.8 ಲೀಟರಿನ ಲೆಕ್ಕದೊಳಗೇ ಬರುತ್ತದೆ. ಪ್ರೋಟೀನ್ ಕಡಿಮೆಯಾದರೆ ತೂಕ ಇಳಿಯುತ್ತದೆ ನಿಜ, ಇಳಿಯುವುದು ಸ್ನಾಯು. ಎರಡು-ಮೂರು ತಿಂಗಳಿಗೆ ಕೂದಲು ಉದುರುತ್ತದೆ.

ಜೋಳದ ಅಂಬಲಿ ಒಳ್ಳೆಯದು, ಹೊಟ್ಟೆಗೆ ತಂಪು. ಆದರೆ ಅದು ಪ್ರೋಟೀನಿಗೆ ಬದಲಿ ಅಲ್ಲ. ನುಚ್ಚಿನ ಕಾಳು ಉಳಿಯದಂತೆ ಸೋಸಿ, ಮಜ್ಜಿಗೆ ಬೆರೆಸಿ ಕೊಡಿ. ಖಾರ ಕಡಿಮೆ ಮಾಡಿ.

ಸಜ್ಜಿ ಹೊಲ (ಆಳಂದ ಕಡಿ)

ಮೂರನೇ ವಾರಕ್ಕ ರೊಟ್ಟಿ ಬ್ಯಾಳ್ಯಾಗ ನೆನಸಿ ಕೊಟ್ರ ನಡೀತದ, ಮೆತ್ತಗ ಆಗಿರ್ತದ.

ತೊಗರಿ ಕಣಜ

ಇಲ್ರಿ ಅಣ್ಣಾ, ಇದು ಬ್ಯಾಡ. ನೆಂದ ರೊಟ್ಟಿ ಕೈಗಿ ಮೆತ್ತಗ, ಪಟ್ಟಿ ಕಂಡಿಯಾಗ ಕಣಕ. ಮುದ್ದಿಯಾಗಿ ಕೂಡ್ತದ. ಮೆತ್ತಗಿರೋದು ಬ್ಯಾರೆ, ಜಾರೋದು ಬ್ಯಾರೆ. ಪಾವು, ಬಿಸಿ ಚಪಾತಿ, ಬಿಸಿ ಅನ್ನದ ಮುದ್ದಿ, ಸಾಬುದಾಣಿ ಎಲ್ಲಾ ಇದೇ ಜಾತಿ, ವರ್ಷ ಆದ ಮ್ಯಾಲೂ ತ್ರಾಸು ಕೊಡ್ತಾವ. ಆರು ವಾರ ದಾಟಿದ ಮ್ಯಾಲ ನೋಡಿದ್ರ ಖಡಕ್ ರೊಟ್ಟಿಯೇ ವಾಸಿ: ಸಣ್ಣ ತುಂಡು ಮುರದು ಪುಡಿಯಾಗೋ ತನಕ ಅಗದ್ರ ಬಿಡಿಬಿಡಿಯಾಗಿ ಇಳೀತದ. ಪುಂಡಿ ಪಲ್ಯದ ದಂಟು, ಕಿತ್ತಳಿ ತೊಳಿಯ ಮ್ಯಾಲಿನ ಸಿಪ್ಪಿ, ಒಣಗಿದ ಕೋಳಿ ಎದಿ ತುಂಡು, ಹುರದ ಶೇಂಗಾ ಇವನ್ನ ಇನ್ನೂ ತಡವಾಗಿ ನೋಡ್ರಿ.

ಸಜ್ಜಿ ಹೊಲ

ಸರಿ ಅಕ್ಕೋರೆ. ಮ್ಯಾಲಿಂದು ಯಾರೂ ಮಾಡಬ್ಯಾಡ್ರಿ.

ಭೀಮಾ ದಂಡಿ

ಮೂರನೇ ವಾರಕ್ಕ ಹಸಿವಿ ತಿರುಗಿ ಬರ್ತದ, ತೂಕ ನಿಂತು ಬಿಡ್ತದ. ಆಪರೇಷನ್ ಫೇಲ್ ಆಯ್ತು ಅಂತ ಮನಿಯವರು ಗಾಬರಿ ಆಗ್ತಾರ. ಇದಕ್ಕೇನು ಕಾರಣ?

ತೊಗರಿ ಕಣಜ

ಫೇಲ್ ಆಗಿಲ್ಲ. ಆಪರೇಷನ್ ದಿನ ಬ್ಯಾಂಡಿನಾಗ ಸಲೈನ್ ಹಾಕಿರಲ್ಲ, ಇಲ್ಲಾ ನೆಪಕ್ಕಷ್ಟು ಹಾಕಿರ್ತಾರ. ಮೊದಲ ಎರಡು ವಾರ ಹಸಿವಿ ಕಮ್ಮಿ ಇದ್ದದ್ದು ಒಳಗಿನ ಬಾವಿನಿಂದ. ಬಾವು ಇಳದ್ರ ಖಾಲಿ ಪಟ್ಟಿ ಸಡಿಲಾಗಿ ಕೂಡ್ತದ, ಊಟ ಸೀದಾ ಇಳೀತದ, ಹಸಿವಿ ಬರ್ತದ. ಮೊದಲ ಎರಡು ವಾರ ಇಳದ ತೂಕದಾಗ ನೀರಿನ ತೂಕವೂ ಇರ್ತದ, ಅದಕ್ಕ ಮೂರನೇ ವಾರ ಕಾಟಾ ಮುಂದಕ್ಕ ಸರಿಯಲ್ಲ. ಮೂರರಿಂದ ಆರನೇ ವಾರದ ತನಕ ಇದು ಬಹುತೇಕ ಎಲ್ಲರಿಗೂ ಆಗ್ತದ. ಈ ಹೊತ್ತಿನಾಗ ನಡೀತದಲ್ಲ ಅಂತ ಗಟ್ಟಿ ತಿಂದ್ರೇ ಅಪಾಯ, ಪೊರೆ ಇನ್ನೂ ಕಟ್ಟಿರಲ್ಲ. ತೂಕ ವಾರಕ್ಕೊಮ್ಮೆ ನೋಡ್ರಿ, ದಿನಾ ಬ್ಯಾಡ. ಹಸಿವಿಗಿ ಪ್ರೋಟೀನ್ ಹೆಚ್ಚು ಮಾಡ್ರಿ, ಚಹಾದಾಗ ಬಿಸ್ಕಿಟ್ ಅದ್ದಿ ತಿನ್ನೋದು ಬಿಡ್ರಿ.

ಹುಣಸಿ ನೆರಳು

ಒಂದು ತುತ್ತು ಸಿಕ್ಕೊಂಡ್ರ ಏನು ಮಾಡ್ಬೇಕು? ನೀರು ಕುಡದು ತಳ್ಳಬೇಕಾ?

ಬಿದರಿ ಕುಸುರಿ

ನೀರು ಕುಡಿಯಲೇಬೇಡಿ. ಬೂಚು ಬಿದ್ದ ನಳಿಕೆಯ ಮೇಲೆ ನೀರು ಸುರಿದಂತೆ, ಹೋಗಲು ದಾರಿ ಇಲ್ಲದೆ ತಿರುಗಿ ಬರುತ್ತದೆ. ಎದೆ ಗೂಡಿನ ನಡುವೆ ಒತ್ತಿದಂತಾಗುತ್ತದೆ, ಬಾಯಿ ತುಂಬ ನೊರೆ ಜೊಲ್ಲು ಬರುತ್ತದೆ. ಎದ್ದು ನಿಂತು ನಿಧಾನ ನಡೆಯಿರಿ, ಜೊಲ್ಲನ್ನು ಉಗುಳಿ, ಬೆರಳು ಹಾಕಿ ವಾಂತಿ ಮಾಡಿಕೊಳ್ಳಬೇಡಿ. ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ ಅಥವಾ ಆ ತುತ್ತಷ್ಟೇ ಸಲೀಸಾಗಿ ಮೇಲೆ ಬರುತ್ತದೆ. ಅದಾದ ಮೇಲೆ 24 ಗಂಟೆ ಬರೀ ದ್ರವ, ಮರುದಿನ ಮೆತ್ತನೆಯದು, ಆಮೇಲೆ ಮಾಮೂಲಿ. ಸಿಕ್ಕಿದ ಜಾಗ ಬಾತಿರುತ್ತದೆ; ಹಸಿವೆಯಾಯಿತೆಂದು ಒಂದು ಗಂಟೆಗೆ ಮತ್ತೆ ತಿಂದರೆ ಎರಡನೇ ಸಲ ಸಿಕ್ಕುವುದು ಇನ್ನೂ ಸುಲಭ.

ಸಿಕ್ಕದಂತೆ ತಿನ್ನುವುದೂ ಕಲಿಯಬೇಕಾದ ಕೆಲಸ. ತುತ್ತು ಕಡಲೆ ಕಾಳಿನಷ್ಟು. ಇಪ್ಪತ್ತು ಸಲಕ್ಕೆ ಕಡಿಮೆಯಿಲ್ಲದಂತೆ ಅಗಿಯಿರಿ. ನುಂಗಿದ ಮೇಲೆ ಒಂದು ನಿಮಿಷ ಕಾಯಿರಿ, ಯಾಕೆಂದರೆ ಅನ್ನನಾಳ ಹಲವು ಸಲ ಹಿಂಡಿದ ಮೇಲೆಯೇ ಒಂದು ತುತ್ತು ಪಟ್ಟಿಯನ್ನು ದಾಟುತ್ತದೆ. ಇಪ್ಪತ್ತು ನಿಮಿಷಕ್ಕೆ ತಾಟು ಬಿಟ್ಟು ಏಳಿ, ಉಳಿದರೆ ಉಳಿಯಲಿ. ಊಟದ ಜೊತೆ ನೀರಿಲ್ಲ, ಮುಗಿದು ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಕೆಲವರಿಗೆ ಹೊಟ್ಟೆ ತುಂಬುವ ಮೊದಲು ಬಿಕ್ಕಳಿಕೆ, ಸೀನು, ಮೂಗು ಸೋರುವುದು ಆಗುತ್ತದೆ. ಅಲ್ಲಿಗೇ ನಿಲ್ಲಿಸಬೇಕು. ಮನೆಯಲ್ಲಿ ದೊಡ್ಡವರು "ಇನ್ನೊಂದು ತುತ್ತು, ನನ್ನ ಆಣೆ" ಅನ್ನುತ್ತಾರಲ್ಲ, ಅವರಿಗೆ ಮೊದಲೇ ಕೂರಿಸಿ ತಿಳಿಸಿ. ಆ ಒಂದು ತುತ್ತೇ ವಾಂತಿ ತರಿಸುವುದು.

ಗುಳಿಗಿ ಡಬ್ಬಿ (ಫಾರ್ಮಸಿಸ್ಟ್, ಯಾದಗಿರಿ)

ಗುಳಿಗಿ ಬಗ್ಗೆ ಯಾರೂ ಬರದಿಲ್ಲ, ನಾ ಬರೀತೀನಿ. ದೊಡ್ಡ ಗುಳಿಗಿ ಪಟ್ಟಿಯಾಗ ಸಿಕ್ಕೊಳ್ತಾವ. ಮೊದಲ ವಾರಗಳಾಗ ಸಿರಪ್, ನೀರಿನಾಗ ಕರಗೋ ಗುಳಿಗಿ, ಇಲ್ಲಾ ಪುಡಿ. ಆದ್ರ ಎಲ್ಲಾನೂ ಕುಟ್ಟಬ್ಯಾಡ್ರಿ. ಸಕ್ಕರಿ ರೋಗದ ಮೆಟ್‌ಫಾರ್ಮಿನ್ ಹೆಸರಿನ ಹಿಂದ ಎಸ್‌ಆರ್, ಎಕ್ಸ್‌ಆರ್ ಅಂತಿದ್ರ ಅದು ದಿನವಿಡೀ ಸಾವಕಾಶ ಬಿಡೋ ಗುಳಿಗಿ, ಕುಟ್ಟಿದ್ರ ಪೂರ್ತಿ ಡೋಸು ಒಮ್ಮಿಗೇ ಮೈಗಿ ಬೀಳ್ತದ. ಅದಕ್ಕ ಬದಲು ಸಾದಾ ಮೆಟ್‌ಫಾರ್ಮಿನ್ ಬರಸ್ಕೋಬೇಕು. ಎದಿ ಉರಿಗಿ ಕೊಡೋ ಪ್ಯಾಂಟೊಪ್ರಜೋಲ್ ಗುಳಿಗಿ ಮ್ಯಾಲಿನ ಲೇಪ ಹೊಟ್ಟಿಯ ಆಮ್ಲದಿಂದ ಕಾಪಾಡಲಿಕ್ಕ ಅದ, ಕುಟ್ಟಿದ್ರ ಕೆಲಸ ಕೆಡ್ತದ.

ನೋವಿಗಿ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಮೆಡಿಕಲ್ ಅಂಗಡಿಯಾಗ ಕೇಳಿದ ಕೂಡ್ಲೇ ಕೊಡ್ತಾರ, ಒಯ್ಯಬ್ಯಾಡ್ರಿ. ಹೊಟ್ಟಿಯ ಒಳಪೊರೆ ಹುಣ್ಣಾಗ್ತದ, ಪಟ್ಟಿ ಇದ್ದ ಜಾಗಕ್ಕ ಹುಣ್ಣು ಭಾಳ ಕೆಟ್ಟದ್ದು.

ಸಕ್ಕರಿ ರೋಗದವರು ಇದನ್ನ ಲಕ್ಷ್ಯ ಕೊಟ್ಟು ಓದ್ರಿ. ಊಟ ಅರ್ಧಕ್ಕಿಂತ ಕಮ್ಮಿ ಆಗಿರ್ತದ, ಹಳೆ ಲೆಕ್ಕದಾಗೇ ಗ್ಲಿಮೆಪಿರೈಡ್ ಇಲ್ಲಾ ಇನ್ಸುಲಿನ್ ತಗೊಂಡ್ರ ಸಕ್ಕರಿ ಕುಸೀತದ. ಡಿಸ್ಚಾರ್ಜ್ ಆಗೋಕಿಂತ ಮೊದಲೇ ಹೊಸ ಡೋಸು ಬರಸ್ಕೊಳ್ರಿ, ಮನಿಯಾಗ ದಿನಕ್ಕ ನಾಲ್ಕು ಸಲ ನೋಡ್ರಿ. 70ಕ್ಕಿಂತ ಕೆಳಗ ಬಂದ್ರ 15 ಗ್ರಾಂ ಗ್ಲೂಕೋಸ್ ಪುಡಿ ಸ್ವಲ್ಪ ನೀರಿನಾಗ ಕರಗಿಸಿ ಗುಟುಕು ಗುಟುಕಾಗಿ, ಕಾಲು ಗಂಟೆ ಬಿಟ್ಟು ಮತ್ತ ನೋಡ್ರಿ. ಡಾಪಾಗ್ಲಿಫ್ಲೋಜಿನ್ ಜಾತಿ ಗುಳಿಗಿಗಳನ್ನ ಆಪರೇಷನ್ನಿಗಿ ಮೂರ್ನಾಲ್ಕು ದಿನ ಮೊದಲೇ ನಿಲ್ಲಿಸ್ತಾರ. ದ್ರವದ ಮ್ಯಾಲ ಇರುವಾಗ ತಾವಾಗಿಯೇ ತಿರುಗಿ ಶುರು ಮಾಡಬ್ಯಾಡ್ರಿ, ಸಕ್ಕರಿ ಸರಿ ಇದ್ರೂ ರಕ್ತದಾಗ ಕೀಟೋನ್ ಆಮ್ಲ ಏರಬಹುದು. ಬಿಪಿಗಿ ಮೂತ್ರ ಹೆಚ್ಚಿಸೋ ಗುಳಿಗಿ ಇದ್ದವರೂ ಕೇಳ್ರಿ, ಬ್ಯಾಸಿಗ್ಯಾಗ ನೀರು ಕಮ್ಮಿ ಆಗಿ ಎದ್ದು ನಿಂತ ಕೂಡ್ಲೇ ಬೀಳ್ತಾರ.

ಮಲ್ಟಿವಿಟಮಿನ್ ಅಗದು ತಿನ್ನೋದು, ಕ್ಯಾಲ್ಸಿಯಂ ಸಿಟ್ರೇಟ್, ವಿಟಮಿನ್ ಡಿ ಬರದು ಕೊಡ್ತಾರ. ಕಬ್ಬಿಣದ ಗುಳಿಗಿಗೂ ಕ್ಯಾಲ್ಸಿಯಂಗೂ ನಡುವ ಎರಡು ತಾಸು ಅಂತರ ಇರಲಿ.

ತೊಗರಿ ಕಣಜ

ಛಲೋ ಬರದೀರಿ. ಒಂದು ಕೂಡಸ್ತೀನಿ: ವಾಂತಿ ಎರಡು-ಮೂರು ದಿನ ಬಿಡದೇ ಇದ್ರ ವಿಟಮಿನ್ ಬಿ1 ಬತ್ತಿ ಹೋಗಬಹುದು. ಅಂಥವರಿಗಿ ಗ್ಲೂಕೋಸ್ ಬಾಟಲಿ ಏರ್ಸೋಕಿಂತ ಮೊದಲು ಥಯಾಮಿನ್ (ಅದೇ ಬಿ1) ಕೊಡಬೇಕು. ಸಣ್ಣ ದವಾಖಾನಿಯಾಗ ನಿಶ್ಶಕ್ತಿ ಅಂತ ಸೀದಾ ಗ್ಲೂಕೋಸ್ ಹಚ್ಚಿ ಬಿಡ್ತಾರ, ಬ್ಯಾಂಡ್ ಅದ ಅಂತ ಬಾಯಿ ಬಿಟ್ಟು ಹೇಳ್ರಿ.

ಕಾಯದೇ ಹೋಗಬೇಕಾದ್ದು ಯಾವಾಗ: ತಮ್ಮ ಉಗುಳೂ ನುಂಗಲಿಕ್ಕ ಆಗದಿದ್ರ. ಕೂತಲ್ಲೇ ನಾಡಿ 120 ದಾಟಿದ್ರ, ಜ್ವರ ಇರಲಿ ಬಿಡಲಿ. ಉಸಿರು ಕಟ್ಟಿದ್ರ. ಒಂದೇ ಕಾಲು ಬಾತು ನೋಯ್ಲತಿದ್ರ. ಹೊಟ್ಟಿ ಬ್ಯಾನಿ ಕಮ್ಮಿ ಆಗೋದು ಬಿಟ್ಟು ಏರ್ಲತಿದ್ರ. ಪೋರ್ಟಿನ ಗಾಯ ಕೆಂಪಾಗಿ, ಬಿಸಿಯಾಗಿ, ಕೀವು ಬಂದ್ರ. ಇದರಾಗ ನಾಡಿ ಮಾತು ಮರೀಬ್ಯಾಡ್ರಿ. ಹೊಟ್ಟಿಗೋ ಅನ್ನನಾಳಕ್ಕೋ ತೂತು ಬಿದ್ದಿದ್ರ ದಪ್ಪ ಮೈಯವರಾಗ ಹೊಟ್ಟಿ ಗಟ್ಟಿಯಾಗೋದು ತಡ, ನಾಡಿ ಮೊದಲು ಓಡ್ತದ. ರಾತ್ರಿ ಆದ್ರೂ ಹೈದರಾಬಾದಿಗಿ ಗಾಡಿ ಮಾಡೋ ಮೊದಲು ಹತ್ತಿರದ ದೊಡ್ಡ ದವಾಖಾನಿಗಿ ಹೋಗ್ರಿ. ಕಲಬುರಗಿಯಾಗ ಜಿಮ್ಸ್, ಬೀದರಿನಾಗ ಬ್ರಿಮ್ಸ್, ಯಾದಗಿರಿಯಾಗ ಯಿಮ್ಸ್ ಅವ. ಅಲ್ಲಿಂದ ನಿಮ್ಮ ಸರ್ಜನ್‌ಗಿ ಫೋನ್ ಹಚ್ಚಿಸ್ರಿ.

ಭೀಮಾ ದಂಡಿ

ಫಿಲ್ ಅಂತಾರಲ್ಲ, ಅದಕ್ಕ ಎಷ್ಟು ಸಲ ಹೋಗಬೇಕು? ಯಾದಗಿರಿಂದ ಬೆಳಗಿನ ಗಾಡಿಗಿ ಹೋಗಿ ಸಂಜಿಗಿ ತಿರುಗಿ ಬರಬಹುದೇನ್ರಿ?

ತೊಗರಿ ಕಣಜ

ಫಿಲ್ ಅಂದ್ರ ಪೋರ್ಟಿನಾಗ ಸಲೈನ್ ಹಾಕಿ ಪಟ್ಟಿ ಬಿಗಿ ಮಾಡೋದು. ಮೊದಲ ಫಿಲ್ ನಾಲ್ಕರಿಂದ ಆರು ವಾರಕ್ಕ. ಆಮ್ಯಾಲ ನಾಲ್ಕರಿಂದ ಆರು ವಾರಕ್ಕೊಮ್ಮೆ, ಬಿಗಿ ಸರಿ ಕೂಡೋ ತನಕ. ಮೊದಲ ವರ್ಷ ಐದಾರು ಸಲ ಅಡ್ಡಾಡೋ ತಯಾರಿ ಇರಲಿ. ಆಪರೇಷನ್ ಖರ್ಚು ಅಷ್ಟೇ ಲೆಕ್ಕ ಹಾಕಿ ಫಿಲ್ ಬಿಟ್ಟವರಿಗಿ ಬ್ಯಾಂಡ್ ಇದ್ದೂ ಇಲ್ಲದಂಗ. ಸಲಕ್ಕ ಅರ್ಧದಿಂದ ಒಂದು ಮಿಲಿ ಅಷ್ಟೇ ಹಾಕ್ತಾರ. ಹಳೆ ಬ್ಯಾಂಡಿನಾಗ ಒಟ್ಟು 4 ಮಿಲಿ ಹಿಡೀತದ, ಹೊಸವು 10ರಿಂದ 14 ಮಿಲಿ, ಅದಕ್ಕ ಒಬ್ಬರ ಮಿಲಿ ಇನ್ನೊಬ್ಬರ ಮಿಲಿಗಿ ಹೋಲಿಸಿದ್ರ ಅರ್ಥ ಇಲ್ಲ.

ಸೂಜಿ ಹಾಕಿದ ಮ್ಯಾಲ ಕೂಡಿಸಿ ನೀರು ಕುಡಸ್ತಾರ, ಸಲೀಸು ಇಳದ್ರ ಬಿಡ್ತಾರ. ಆದ್ರ ಬಾವು ಕೆಲವು ತಾಸು ಬಿಟ್ಟು ಬರಬಹುದು. ನೀರು ಇಳದದ್ದು ನೋಡಿ ಗಾಡಿ ಹತ್ತಿ, ವಾಡಿ ದಾಟೋ ಹೊತ್ತಿಗಿ ಉಗುಳು ಇಳಿಯದಿದ್ರ ಏನು ಮಾಡ್ತೀರಿ? ಮೊದಲ ಒಂದೆರಡು ಫಿಲ್‌ಗಿ ರಾತ್ರಿ ಅಲ್ಲೇ ಉಳೀರಿ. ಫಿಲ್ ಆದ ಮ್ಯಾಲ ಎರಡು ದಿನ ದ್ರವ, ಎರಡು ದಿನ ಮೆತ್ತಂದು.

ಬಿಗಿ ಸರಿ ಅದ ಅಂತ ತಿಳಿಯೋದು ಹಿಂಗ: ಸಣ್ಣ ಊಟಕ್ಕ ಮೂರ್ನಾಲ್ಕು ತಾಸು ಹಸಿವಿ ಆಗಲ್ಲ, ಗಟ್ಟಿ ಪದಾರ್ಥ ಅಗದು ತಿಂದ್ರ ಇಳೀತದ. ಎರಡು ತಾಸಿಗೇ ಹಸಿವಿ ಅಂದ್ರ ಸಡಿಲ. ರಾತ್ರಿ ಮಲಗಿದ್ರ ಕೆಮ್ಮು, ಎದಿ ಉರಿ, ಗಟ್ಟಿದೇನೂ ಇಳಿಯದೆ ಬರೀ ಐಸ್‌ಕ್ರೀಮು, ಬಾಸುಂದಿ, ಚೂಡಾ ಅಷ್ಟೇ ಇಳೀಲತದ ಅಂದ್ರ ಅತಿ ಬಿಗಿ. ಇಂಥವರಿಗಿ ತೂಕ ಏರ್ತದ, ಅವರು ಇನ್ನೂ ಬಿಗಿ ಮಾಡ್ರಿ ಅಂತ ಕೇಳ್ತಾರ. ಸಲೈನ್ ತಗೀಬೇಕಾದ ಜಾಗದಾಗ ಹಾಕಸ್ಕೊಂಡ್ರ ಮ್ಯಾಲಿನ ಚೀಲ ಹಿಗ್ಗಿ ಸ್ಲಿಪ್ ಆಗ್ತದ.

ಹುಣಸಿ ನೆರಳು

ತೂಕ ಎಷ್ಟು ಇಳೀತದ ಅಂತ ಆಸೆ ಇಟ್ಕೋಬಹುದು? ಈಗ ಬ್ಯಾಂಡ್ ಹಾಕೋದು ಕಮ್ಮಿ ಮಾಡ್ಯಾರಂತಲ್ಲ, ಯಾಕ?

ಬಿದರಿ ಕುಸುರಿ

ಲೆಕ್ಕ ಹಾಕಿ ತೋರಿಸುತ್ತೇನೆ. ಎತ್ತರ 160 ಸೆಂಟಿಮೀಟರ್, ತೂಕ 105 ಕಿಲೋ ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 41. ಬಿಎಂಐ 25ಕ್ಕೆ ಬರುವ ತೂಕ 64, ಹೆಚ್ಚುವರಿ 41 ಕಿಲೋ. ಬ್ಯಾಂಡಿನಲ್ಲಿ ಎರಡು ವರ್ಷಕ್ಕೆ ಈ ಹೆಚ್ಚುವರಿಯ ಶೇಕಡಾ 40ರಿಂದ 50 ಭಾಗ ಇಳಿಯುವುದನ್ನು ಸಾಮಾನ್ಯ ಫಲ ಎನ್ನಬಹುದು, ಅಂದರೆ 16ರಿಂದ 20 ಕಿಲೋ. 105 ಇದ್ದವರು 85-89ಕ್ಕೆ ಬರುತ್ತಾರೆ. ಬಿಗಿ ಸರಿಯಾದ ಮೇಲೆ ವಾರಕ್ಕೆ ಅರ್ಧದಿಂದ ಒಂದು ಕಿಲೋ. ಮದುವೆ ಸೀಸನ್ನಿಗೆ 64 ಆಗಬೇಕು ಎಂದು ಹೊರಟವರು ಆರು ತಿಂಗಳಿಗೇ ಕೈ ಚೆಲ್ಲುತ್ತಾರೆ, ಅವರ ಬ್ಯಾಂಡು ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. ಆದರೆ 16 ಕಿಲೋ ಸಣ್ಣದಲ್ಲ: ಮೊಣಕಾಲಿನ ನೋವು, ಗೊರಕೆಯಲ್ಲಿ ಉಸಿರು ನಿಲ್ಲುವುದು, ಸಕ್ಕರೆ, ಬಿಪಿ ಎಲ್ಲಕ್ಕೂ ಅಷ್ಟರಲ್ಲೇ ಫರಕು ಕಾಣುತ್ತದೆ.

ಎರಡನೇ ಪ್ರಶ್ನೆ. ಅಮೆರಿಕದಲ್ಲಿ 2001ರಲ್ಲಿ ಬ್ಯಾಂಡಿಗೆ ಅನುಮತಿ ಸಿಕ್ಕಿ ಒಂದು ದಶಕ ಭರಾಟೆಯಿಂದ ನಡೆಯಿತು. ಆಮೇಲೆ ಸ್ಲಿಪ್, ಚೀಲ ಹಿಗ್ಗುವುದು, ಪಟ್ಟಿ ಹೊಟ್ಟೆಯ ಗೋಡೆಯನ್ನು ಕೊರೆದು ಒಳಗೆ ಹೋಗುವುದು, ನಳಿಕೆ ಸೋರುವುದು, ತೂಕ ಸಾಕಷ್ಟು ಇಳಿಯದಿರುವುದು ಇವುಗಳಿಂದ ಮತ್ತೆ ಆಪರೇಷನ್ ಬೇಕಾದವರು ಹೆಚ್ಚಾದರು. ಸ್ಲೀವ್ ಮತ್ತು ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ (ಹೊಟ್ಟೆಯನ್ನು ಸಣ್ಣ ಚೀಲ ಮಾಡಿ ಸಣ್ಣ ಕರುಳಿಗೆ ಜೋಡಿಸುವುದು) ತೂಕ ಹೆಚ್ಚು ಇಳಿಯುತ್ತದೆ, ಫಿಲ್‌ಗೆ ಅಲೆದಾಟ ಇಲ್ಲ. ಹಾಗಾಗಿ ಭಾರತದಲ್ಲೂ ಈಗ ಅವೇ ಹೆಚ್ಚು. ಬ್ಯಾಂಡಿನ ಒಳ್ಳೆಯ ಗುಣ ಎಂದರೆ ಏನೂ ಕೊಯ್ಯುವುದಿಲ್ಲ, ಸಡಿಲ ಮಾಡಬಹುದು, ತೆಗೆಯಬಹುದು. ಗರ್ಭಿಣಿಯಾದಾಗ ಬೇಕಾದರೆ ಸಲೈನ್ ತೆಗೆಯುತ್ತಾರೆ. ಆದರೂ ಆಪರೇಷನ್ ಆಗಿ ಒಂದು-ಒಂದೂವರೆ ವರ್ಷ ಗರ್ಭ ಮುಂದೂಡಿ ಎಂದೇ ಹೇಳುತ್ತಾರೆ. ಹಾಕಿಸಿಕೊಂಡವರಿಗೆ ಹೆದರಿಸಲು ಇದನ್ನು ಬರೆದಿಲ್ಲ. ಫಾಲೋಅಪ್ ಬಿಡದವರ ಬ್ಯಾಂಡು ವರ್ಷಗಟ್ಟಲೆ ಸರಿ ಇರುವುದೂ ಉಂಟು. ಫಾಲೋಅಪ್ ಬಿಡಬೇಡಿ ಎನ್ನಲು ಬರೆದೆ.

ಸಜ್ಜಿ ಹೊಲ

ರೋಜಾ, ಶ್ರಾವಣ ಸೋಮವಾರ ಹಿಡೀಬಹುದೇನ್ರಿ?

ಬಿದರಿ ಕುಸುರಿ

ಮೊದಲ ಆರು ತಿಂಗಳು ನೀರಿಲ್ಲದ ರೋಜಾ ಬೇಡ ಎನ್ನುತ್ತೇನೆ. ಇಡೀ ಹಗಲು ಬಿಟ್ಟ ನೀರನ್ನು ಬ್ಯಾಂಡ್ ಇದ್ದವರು ರಾತ್ರಿ ಒಂದೆರಡು ಗಂಟೆಯಲ್ಲಿ ತುಂಬಿಸಿಕೊಳ್ಳಲು ಆಗುವುದಿಲ್ಲ. ಶ್ರಾವಣದಲ್ಲಿ ಹಾಲು-ಮಜ್ಜಿಗೆಯ ಒಪ್ಪತ್ತು ನಡೆಯುತ್ತದೆ, ಸಾಬುದಾಣಿ ಖಿಚಡಿ ಮಾತ್ರ ಬೇಡ. ಎಳ್ಳಮಾಸಿಯ ಭಜ್ಜಿಯನ್ನು (ಕರಿದದ್ದಲ್ಲ, ಸೊಪ್ಪು-ಕಾಳು ಕೂಡಿಸಿ ಬೇಯಿಸಿದ್ದು) ಮೂರನೇ-ನಾಲ್ಕನೇ ವಾರದವರಿಗೂ ಕೊಡಬಹುದು, ಕಾಳಿನ ಸಿಪ್ಪೆ ಉಳಿಯದಂತೆ ರುಬ್ಬಿ ಸೋಸಿ. ಕಡುಬು, ರೊಟ್ಟಿ ಮುಂದಿನ ವರ್ಷಕ್ಕೆ.

ಗುಳಿಗಿ ಡಬ್ಬಿ

ಊರಿನ ಡಾಕ್ಟರ್‌ಗಿ ತೋರಸ್ಲಿಕ್ಕ ಏನು ಇಟ್ಕೋಬೇಕು ಅಂತ ಬರದ್ರ ಉಪಯೋಗ ಆಗ್ತದ.

ತೊಗರಿ ಕಣಜ

ಡಿಸ್ಚಾರ್ಜ್ ದಿನ ಬ್ಯಾಂಡಿನ ಕಾರ್ಡ್ ಕೇಳಿ ಇಸ್ಕೊಳ್ರಿ: ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಒಟ್ಟು ಎಷ್ಟು ಮಿಲಿ ಹಿಡೀತದ. ಎಂಆರ್‌ಐ ಮಾಡಸ್ಬೇಕಂದ್ರೂ ಈ ಕಾರ್ಡೇ ಕೇಳ್ತಾರ. ಹಿಂದಿನ ಪುಟದಾಗ ಪ್ರತಿ ಫಿಲ್‌ನ ತಾರೀಖು, ಹಾಕಿದ್ದೆಷ್ಟು, ತಗದದ್ದೆಷ್ಟು, ಈಗ ಒಳಗ ಎಷ್ಟದ ಅಂತ ಬರಸ್ರಿ. ಮೊಬೈಲಿನಾಗ ಫೋಟೋ ಇಡ್ರಿ, ಮನಿಯಾಗ ಇನ್ನೊಬ್ಬರ ಮೊಬೈಲಿಗೂ ಕಳಸ್ರಿ.

ಪೋರ್ಟಿಗಿ ಹ್ಯೂಬರ್ ಸೂಜಿ ಅಂತ ಬ್ಯಾರೆ ಸೂಜಿ ಬರ್ತದ, ತುದಿ ಹೊರಳಿರ್ತದ, ಸಿಲಿಕೋನ್ ಬಿರಡಿಯನ್ನ ಕೊರೆಯಲ್ಲ, ತಗದ ಮ್ಯಾಲ ತೂತು ಮುಚ್ಕೊಳ್ತದ. ಸಾದಾ ಸೂಜಿ ಚೂರು ಕಿತ್ತು ತಗೀತದ, ಆಮ್ಯಾಲ ಸಲೈನ್ ಸೋರ್ತದ. ಕೀಮೋಥೆರಪಿ ಪೋರ್ಟಿಗೂ ಇಂಥದ್ದೇ ಸೂಜಿ ಬಳಸ್ತಾರ, ಕ್ಯಾನ್ಸರ್ ವಾರ್ಡ್ ಇದ್ದ ದವಾಖಾನಿಯಾಗ ಕೇಳಿದ್ರ ಸಿಗಬಹುದು. ಸರ್ಜನ್ ಕಡಿಂದ ನಿಮ್ಮ ಪೋರ್ಟಿನ ಅಳತಿದು ಎರಡು ಸೂಜಿ ತಂದು ಮನಿಯಾಗ ಪ್ಯಾಕ್ ಒಡೀದೆ ಇಡ್ರಿ. ಉಗುಳು ಇಳಿಯದೆ ರಾತ್ರಿ ಹೋಗಬೇಕಾಗಿ ಬಂದ್ರ ಕಾರ್ಡ್, ಸೂಜಿ ಎರಡೂ ಕೈಯಾಗ ಇದ್ರ ಅಲ್ಲಿನ ಸರ್ಜನ್ ಸಲೈನ್ ತಗದು ಪಟ್ಟಿ ಸಡಿಲ ಮಾಡೋದು ಕೆಲವೇ ನಿಮಿಷದ ಕೆಲಸ.